ಕತ್ತರಿಸಿ ತೆಗೆದ ಹುಣ್ಣು ಎಲ್ಲಿಗೆ ಹೋಯಿತು? ಚರ್ಮದ ಕ್ಯಾನ್ಸರ್‌ಗೆ ಸರಿಯಾದ ಚಿಕಿತ್ಸೆಯನ್ನು ಕೇಳಿ ಪಡೆಯುವ ಬಗೆ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲೇ ಬದುಕು ಕಳೆದ ನನ್ನ ಸೋದರಮಾವನಿಗೆ ಹದಿನಾಲ್ಕರ ವಯಸ್ಸಿನಲ್ಲಿ ಗೂಡು ಬೇಯಿಸುವ ಕುದಿನೀರು ಬಲಗೈ ಮೇಲೆ ಚೆಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ ಸುಕ್ಕುಗಟ್ಟಿದ ಕಲೆಯೊಂದು ಉಳಿದಿತ್ತು. ಐವತ್ತು ದಾಟಿದ ಮೇಲೆ ಆ ಕಲೆಯ ನಡುವೆಯೇ ಒಂದು ಹುಣ್ಣು ಎದ್ದಿತು. ಅದರ ಅಂಚು ದಪ್ಪವಾಗಿ ಹೊರಕ್ಕೆ ಮಗುಚಿಕೊಂಡಿತ್ತು, ನಡುವೆ ಸದಾ ತೇವವಿತ್ತು, ಸಂಜೆ ಅಂಗಿ ಬಿಚ್ಚುವಾಗ ಅಂಗಿಯ ತೋಳು ಹುಣ್ಣಿಗೆ ಅಂಟಿಕೊಂಡು ರಕ್ತ ಜಿನುಗುತ್ತಿತ್ತು. ಏಳು ತಿಂಗಳು ಮೆಡಿಕಲ್ ಸ್ಟೋರಿನವರು ಕೊಟ್ಟ ಮುಲಾಮು ಹಚ್ಚಿದ್ದಾಯಿತು. ಕೊನೆಗೆ ಒಂದು ಸಣ್ಣ ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ತೆಗೆದು ಹೊಲಿಗೆ ಹಾಕಿ ಅದೇ ದಿನ ಮನೆಗೆ ಕಳುಹಿಸಿದರು. ಐದು ತಿಂಗಳಲ್ಲಿ ಅದು ಅದೇ ಜಾಗದಲ್ಲಿ ಮತ್ತೆ ಬಂದಾಗ ಬೇರೊಂದು ಆಸ್ಪತ್ರೆಗೆ ಹೋದೆವು. ಅಲ್ಲಿನ ವೈದ್ಯೆ ಕೇಳಿದ ಮೊದಲ ಪ್ರಶ್ನೆ, "ಮೊದಲ ಸಲ ತೆಗೆದದ್ದರ ಬಯಾಪ್ಸಿ ರಿಪೋರ್ಟ್ ಎಲ್ಲಿ?" ಎಂಬುದಾಗಿತ್ತು. ನಮ್ಮ ಕೈಯಲ್ಲಿ ಇದ್ದದ್ದು ಹೊಲಿಗೆಯ ಬಿಲ್ಲು ಮಾತ್ರ. ತೆಗೆದ ಹುಣ್ಣನ್ನು ಯಾವ ಲ್ಯಾಬಿಗೂ ಕಳುಹಿಸಿರಲಿಲ್ಲ. ಕಳುಹಿಸಬೇಕೆಂದು ಕೇಳಲು ನಮಗೂ ಗೊತ್ತಿರಲಿಲ್ಲ.

ಚರ್ಮದ ಕ್ಯಾನ್ಸರ್‌ನಲ್ಲಿ ಸರಿಯಾದ ಚಿಕಿತ್ಸೆ ದೊರೆಯುವುದೋ ಇಲ್ಲವೋ ಎಂಬುದು ಬಹಳ ಮಟ್ಟಿಗೆ ಆ ಒಂದು ಕಾಗದದ ಮೇಲೆ ನಿಂತಿದೆ. ಆ ಕಾಗದದಲ್ಲಿ ಏನಿರುತ್ತದೆ, ಅದನ್ನು ಪಡೆಯುವುದು ಹೇಗೆ, ಪಡೆದ ಮೇಲೆ ವೈದ್ಯರಲ್ಲಿ ಏನು ಕೇಳಬೇಕು ಎಂಬುದನ್ನು ಮೊದಲಿನಿಂದ ನೋಡೋಣ.

ಒಂದೇ ಹೆಸರು, ಮೂರು ಕಾಯಿಲೆ

ನಮ್ಮ ಚರ್ಮದ ಹೊರಪದರವು ಹಲವು ಸಾಲುಗಳಲ್ಲಿ ಜೋಡಿಸಿದ ಜೀವಕೋಶಗಳಿಂದ ಆಗಿದೆ. ತಳದ ಸಾಲಿನಲ್ಲಿ ಹೊಸ ಕೋಶಗಳು ಹುಟ್ಟುತ್ತವೆ, ಮೇಲಕ್ಕೆ ಏರುತ್ತಾ ಚಪ್ಪಟೆಯಾಗುತ್ತವೆ, ಕೊನೆಗೆ ಉದುರಿಹೋಗುತ್ತವೆ. ತಳದ ಸಾಲಿನ ನಡುನಡುವೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸುವ ಕೋಶಗಳು ಇರುತ್ತವೆ. ಯಾವ ಕೋಶ ಹತೋಟಿ ತಪ್ಪಿ ಬೆಳೆಯತೊಡಗಿತು ಎಂಬುದರ ಮೇಲೆ ಕಾಯಿಲೆಯ ಹೆಸರು, ಅದರ ಸ್ವಭಾವ ಮತ್ತು ಚಿಕಿತ್ಸೆ ಎಲ್ಲವೂ ಬದಲಾಗುತ್ತವೆ.

ತಳದ ಕೋಶಗಳಿಂದ ಹುಟ್ಟುವುದು ಬೇಸಲ್ ಸೆಲ್ ಕಾರ್ಸಿನೋಮ. ಇದು ಹೆಚ್ಚಾಗಿ ಮುಖದ ಮೇಲೆ, ಅದರಲ್ಲೂ ಮೂಗು ಮತ್ತು ಕಣ್ಣಿನ ಸುತ್ತ, ಹೊಳೆಯುವ ಸಣ್ಣ ಗಂಟಿನಂತೆ ಅಥವಾ ವಾಸಿಯಾಗದ ಹುಣ್ಣಿನಂತೆ ಬರುತ್ತದೆ. ನಮ್ಮ ಕಂದು ಚರ್ಮದಲ್ಲಿ ಅನೇಕ ಬಾರಿ ಕಪ್ಪಾಗಿಯೇ ಕಾಣುತ್ತದೆ. ಇದು ದೇಹದ ಬೇರೆ ಭಾಗಕ್ಕೆ ಹರಡುವುದು ಬಹಳ ವಿರಳ, ಆದರೆ ಬಿಟ್ಟರೆ ಇದ್ದ ಜಾಗದಲ್ಲೇ ಒಳಗೊಳಗೆ ಕೊರೆಯುತ್ತಾ ಹೋಗುತ್ತದೆ. ಮೇಲಿನ ಚಪ್ಪಟೆ ಕೋಶಗಳಿಂದ ಹುಟ್ಟುವುದು ಸ್ಕ್ವೇಮಸ್ ಸೆಲ್ ಕಾರ್ಸಿನೋಮ. ನನ್ನ ಮಾವನಿಗೆ ಆದದ್ದು ಇದೇ. ಇದು ಕಂಕುಳು, ಕುತ್ತಿಗೆ, ತೊಡೆಸಂದಿಯಂಥ ಕಡೆ ಇರುವ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಬಲ್ಲದು. ಬಣ್ಣದ ಕೋಶಗಳಿಂದ ಹುಟ್ಟುವ ಮೆಲನೋಮ ಮೂರರಲ್ಲಿ ಅತ್ಯಂತ ಅಪಾಯಕಾರಿ. ಬೇಗ ಪತ್ತೆಯಾಗದಿದ್ದರೆ ಶ್ವಾಸಕೋಶ, ಯಕೃತ್ತು, ಮೆದುಳಿನವರೆಗೂ ಹೋಗುತ್ತದೆ.

ಹಾಗಾಗಿ "ಚರ್ಮದ ಕ್ಯಾನ್ಸರ್ ಅಂತೆ" ಎಂಬ ಮಾತು ಮನೆಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಅದು ಯಾವ ಬಗೆಯದು ಎಂಬುದೇ. ಪಕ್ಕದೂರಿನವರಿಗೆ ಮೂಗಿನ ಮೇಲಿನ ಗಂಟು ತೆಗೆದು ಎಲ್ಲವೂ ಸರಿಹೋಯಿತೆಂದರೆ ನಮ್ಮವರ ಅಂಗಾಲಿನ ಕಪ್ಪು ಮಚ್ಚೆಗೂ ಅಷ್ಟೇ ಸಾಕೆಂದು ಅರ್ಥವಲ್ಲ.

ನಮ್ಮ ಕಡೆಯವರಿಗೆ ಇದು ಎಲ್ಲೆಲ್ಲಿ ಬರುತ್ತದೆ

ಮೆಲನಿನ್ ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುವ ಕೊಡೆಯಂತೆ ಕೆಲಸ ಮಾಡುವುದರಿಂದ ಬಿಳಿ ಚರ್ಮದವರಿಗೆ ಹೋಲಿಸಿದರೆ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಹಳ ಕಡಿಮೆ. ತೊಂದರೆ ಇರುವುದೂ ಇಲ್ಲಿಯೇ. ಕಡಿಮೆ ಎಂಬ ಕಾರಣಕ್ಕೆ ರೋಗಿಗೂ ಅನುಮಾನ ಬರುವುದಿಲ್ಲ, ಮೊದಲು ನೋಡಿದ ವೈದ್ಯರಿಗೂ ಕೆಲವೊಮ್ಮೆ ಬರುವುದಿಲ್ಲ. ಜೊತೆಗೆ, ವಿದೇಶದ ಕರಪತ್ರಗಳಲ್ಲಿ ತೋರಿಸುವ ಬೆನ್ನಿನ ಮೇಲಿನ ಮಚ್ಚೆಯ ಚಿತ್ರಗಳು ನಮ್ಮ ಚರ್ಮಕ್ಕೆ ಅಷ್ಟಾಗಿ ಹೊಂದುವುದಿಲ್ಲ.

ಕಂದು ಮತ್ತು ಕಪ್ಪು ಚರ್ಮದವರಲ್ಲಿ ಮೆಲನೋಮ ಹೆಚ್ಚಾಗಿ ಬಿಸಿಲೇ ಬೀಳದ ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ ಬರುತ್ತದೆ. ಬರಿಗಾಲಲ್ಲಿ ಹೊಲ ತುಳಿಯುವವರಿಗೆ ಅದು ಆಣಿಯಂತೆ, ಮುಳ್ಳು ಮುರಿದು ಉಳಿದ ಕಲೆಯಂತೆ ಅಥವಾ ಉಗುರುಸುತ್ತಿನಂತೆ ಕಾಣುತ್ತದೆ. ಉಗುರಿಗೆ ಪೆಟ್ಟು ಬಿದ್ದು ಕಪ್ಪಾದದ್ದಾದರೆ ಉಗುರು ಬೆಳೆದಂತೆ ಆ ಕಪ್ಪು ತುದಿಯತ್ತ ಸರಿದು ಹೋಗುತ್ತದೆ. ಬುಡದಿಂದ ತುದಿಯವರೆಗೆ ಕಪ್ಪು ಪಟ್ಟಿ ಅಗಲವಾಗುತ್ತಾ ಬಂದರೆ, ಅಥವಾ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಹಬ್ಬಿದರೆ, ವೈದ್ಯರಿಗೆ ತೋರಿಸಲೇಬೇಕು.

ಸ್ಕ್ವೇಮಸ್ ಬಗೆಯದು ನಮ್ಮಲ್ಲಿ ಹಳೆಯ ಸುಟ್ಟಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಕೀವು ಸುರಿಸುವ ಕಾಲಿನ ಹುಣ್ಣಿನಲ್ಲಿ ಎದ್ದು ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. 1828ರಲ್ಲಿ ಇಂಥ ಹುಣ್ಣುಗಳ ಬಗ್ಗೆ ಬರೆದ ಫ್ರೆಂಚ್ ಶಸ್ತ್ರವೈದ್ಯರ ನೆನಪಿಗಾಗಿ ಇದನ್ನು ಮಾರ್ಜೋಲಿನ್ ಹುಣ್ಣು ಎಂದು ಕರೆಯುತ್ತಾರೆ. ಸುಟ್ಟಗಾಯ ಆದ ಮೇಲೆ ಅದು ಕಾಣಿಸಿಕೊಳ್ಳಲು ಹಲವು ದಶಕಗಳೇ ಹಿಡಿಯಬಹುದು. ಆ ಹೊತ್ತಿಗೆ ಕುದಿನೀರು ಚೆಲ್ಲಿದ ದಿನ ಮನೆಯವರಿಗೆ ನೆನಪೂ ಇರುವುದಿಲ್ಲ. ಮಾವನ ವಿಷಯದಲ್ಲಿ ಅದನ್ನು ನೆನಪಿಸಿಕೊಂಡು ಹೇಳಿದ್ದು ನಮ್ಮಜ್ಜಿ ಮಾತ್ರ. ಸೀರೆಯ ಲಂಗದ ಲಾಡಿಯನ್ನು ಅಥವಾ ಪಂಚೆಯನ್ನು ವರ್ಷಗಟ್ಟಲೆ ಸೊಂಟದ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟುವುದರಿಂದ ಅಲ್ಲಿನ ಚರ್ಮ ಉಜ್ಜಿ ಉಜ್ಜಿ ಗಾಯವಾಗಿ, ವಿರಳವಾಗಿ ಕ್ಯಾನ್ಸರ್‌ಗೆ ತಿರುಗಿದ ಪ್ರಕರಣಗಳನ್ನೂ ಭಾರತದ ವೈದ್ಯರು ದಾಖಲಿಸಿದ್ದಾರೆ. ಹುಟ್ಟಿನಿಂದಲೇ ಚರ್ಮದಲ್ಲಿ ಬಣ್ಣವಿಲ್ಲದವರು ಮತ್ತು ಮೂತ್ರಪಿಂಡದ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕಾಗುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆಬಾವಿಯ ನೀರಿನ ಫ್ಲೋರೈಡ್‌ಗೂ ಇದಕ್ಕೂ ನಂಟಿದೆಯೇ ಎಂದು ಅನೇಕರು ಕೇಳುತ್ತಾರೆ. ಫ್ಲೋರೈಡ್ ಹಾಳುಮಾಡುವುದು ಹಲ್ಲು ಮತ್ತು ಮೂಳೆಗಳನ್ನು. ಕುಡಿಯುವ ನೀರಿನ ಮೂಲಕ ಚರ್ಮದ ಕ್ಯಾನ್ಸರ್ ತರುತ್ತದೆಂದು ಸಾಬೀತಾಗಿರುವುದು ಆರ್ಸೆನಿಕ್ ಎಂಬ ವಿಷವಸ್ತು. ಅದರ ದೊಡ್ಡ ಪೀಡೆ ಇರುವುದು ಬಂಗಾಳದಂಥ ಗಂಗಾ ಬಯಲಿನ ಪ್ರದೇಶಗಳಲ್ಲಿ.

ಗಾಯವೊಂದು ನಾಲ್ಕು ವಾರವಾದರೂ ವಾಸಿಯಾಗದಿದ್ದರೆ, ವಾಸಿಯಾದಂತೆ ಕಂಡು ಮತ್ತೆ ಒಡೆಯುತ್ತಿದ್ದರೆ, ಅಥವಾ ಮಚ್ಚೆಯೊಂದು ಬಣ್ಣ, ಅಂಚು, ಗಾತ್ರಗಳಲ್ಲಿ ಬದಲಾಗುತ್ತಿದ್ದರೆ ಅದನ್ನು ಚರ್ಮರೋಗ ತಜ್ಞರಿಗೆ ತೋರಿಸುವುದು ಸರಿ. ಸುಣ್ಣ ಮತ್ತು ಬಟ್ಟೆಸೋಪು ಕಲಸಿ ಹಚ್ಚಿ ಸುಡುವುದು, ಎಕ್ಕದ ಹಾಲು ಬಿಡುವುದು, ಸ್ಟಿರಾಯ್ಡ್ ಬೆರೆತ ಮುಲಾಮನ್ನು ತಾವೇ ತಂದು ಹಚ್ಚುವುದು ಮೇಲ್ಮೈಯ ರೂಪವನ್ನು ಕೆಡಿಸಿ ಗುರುತು ಹಿಡಿಯುವುದನ್ನು ಕಷ್ಟವಾಗಿಸುತ್ತವೆಯೇ ಹೊರತು ಒಳಗಿನ ಬೆಳವಣಿಗೆಯನ್ನು ನಿಲ್ಲಿಸುವುದಿಲ್ಲ.

ಬಯಾಪ್ಸಿ: ಒಂದು ತುಣುಕಿನ ಪ್ರಯಾಣ

ಬಯಾಪ್ಸಿ ಎಂದರೆ ಅನುಮಾನವಿರುವ ಜಾಗದಿಂದ ಒಂದು ತುಣುಕನ್ನು, ಅಥವಾ ಚಿಕ್ಕದಾಗಿದ್ದರೆ ಇಡೀ ಗಂಟನ್ನೇ, ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಪೆನ್ನಿನ ತುದಿಯಷ್ಟು ಅಗಲದ ದುಂಡನೆಯ ಬ್ಲೇಡಿನಿಂದ ಕೆಲವೇ ನಿಮಿಷಗಳಲ್ಲಿ ತೆಗೆಯಬಹುದು. ಕತ್ತಿ ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಚರ್ಮದ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುವುದಿಲ್ಲ. ತಡವಾಗಿ ಬಂದು, ಆಗಲೇ ಹರಡಿದ್ದ ಕಾಯಿಲೆ ಬಯಾಪ್ಸಿಯ ನಂತರ ಗೊತ್ತಾಗುವುದರಿಂದ ಜನ ಅವೆರಡನ್ನೂ ಜೋಡಿಸಿಕೊಂಡಿದ್ದಾರೆ.

ತೆಗೆದ ತುಣುಕನ್ನು ಕೂಡಲೇ ಫಾರ್ಮಲಿನ್ ದ್ರಾವಣವಿರುವ ಬಾಟಲಿಗೆ ಹಾಕಬೇಕು. ಬರೀ ನೀರಿನಲ್ಲೋ ಒದ್ದೆ ಹತ್ತಿಯಲ್ಲೋ ಇಟ್ಟರೆ ಕೋಶಗಳು ಕೊಳೆತು ಪರೀಕ್ಷೆಗೆ ಬರುವುದಿಲ್ಲ. ಬಾಟಲಿಯ ಮೇಲೆ ರೋಗಿಯ ಹೆಸರು, ವಯಸ್ಸು, ತೆಗೆದ ಜಾಗ, ದಿನಾಂಕ ಇರಬೇಕು. ಹೊರಗಿನ ಲ್ಯಾಬಿಗೆ ಬಾಟಲಿಯನ್ನು ನೀವೇ ಒಯ್ಯುವಂತೆ ಹೇಳಿದರೆ, ಚೀಟಿಯಲ್ಲಿ ಬರೆದದ್ದೂ ಬಾಟಲಿಯ ಮೇಲೆ ಬರೆದದ್ದೂ ಒಂದೇ ಆಗಿದೆಯೇ ಎಂದು ಅಲ್ಲೇ ಓದಿ ನೋಡಿ. ಎಡಗಾಲು ಬಲಗಾಲಾಗಿ ಬರೆದುಹೋಗುವುದು ಕಷ್ಟದ ವಿಷಯವಲ್ಲ.

ಲ್ಯಾಬಿನಲ್ಲಿ ಆ ತುಣುಕನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಕೂದಲಿಗಿಂತಲೂ ತೆಳುವಾದ ಪದರಗಳಾಗಿ ಹೆರೆದು, ಗಾಜಿನ ಪಟ್ಟಿಯ ಮೇಲಿಟ್ಟು ಬಣ್ಣ ಹಾಕಿ ನೋಡುತ್ತಾರೆ. ಮೇಣದ ಅಚ್ಚನ್ನು ಬ್ಲಾಕ್ ಎಂದೂ ಗಾಜಿನ ಪಟ್ಟಿಯನ್ನು ಸ್ಲೈಡ್ ಎಂದೂ ಕರೆಯುತ್ತಾರೆ. ಈ ಎರಡು ಮಾತುಗಳನ್ನು ನೆನಪಿಡಿ. ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ. ಬೇರೆ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಬೇಕಾದಾಗ ರೋಗಿಯನ್ನು ಮತ್ತೆ ಕೊಯ್ಯದೆ ಅದೇ ಬ್ಲಾಕ್ ಮತ್ತು ಸ್ಲೈಡುಗಳನ್ನು ಒಯ್ದು ಕೊಟ್ಟರೆ ಅವರು ತಮ್ಮಲ್ಲೇ ಮತ್ತೊಮ್ಮೆ ಪರೀಕ್ಷಿಸುತ್ತಾರೆ.

ಚರ್ಮದಿಂದ ತೆಗೆದ ಯಾವುದೇ ಅನುಮಾನದ ಗಂಟು ಲ್ಯಾಬಿಗೆ ಹೋಗಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆ ಕೇಳುವ ಮಾತು ಇಷ್ಟೇ: "ಸಾರ್, ತೆಗೆದದ್ದನ್ನು ಬಯಾಪ್ಸಿಗೆ ಕಳಿಸ್ತೀರಾ? ರಿಪೋರ್ಟ್ ಯಾವತ್ತು ಬರುತ್ತೆ, ಯಾರ ಹತ್ತಿರ ಇಸ್ಕೋಬೇಕು?" ಇದರಲ್ಲಿ ವೈದ್ಯರನ್ನು ಅನುಮಾನಿಸುವಂಥದ್ದೇನೂ ಇಲ್ಲ. ಈ ಒಂದು ಮಾತು ಅಂದು ನಮಗೆ ತಿಳಿದಿದ್ದರೆ ಮಾವನಿಗೆ ಐದು ತಿಂಗಳು ಉಳಿಯುತ್ತಿತ್ತು.

ವರದಿಯಲ್ಲಿ ಹುಡುಕಬೇಕಾದ್ದು

ವರದಿ ಇಂಗ್ಲಿಷಿನಲ್ಲಿರುತ್ತದೆ, ಒಂದೆರಡು ಪುಟ ಇರುತ್ತದೆ, ಮೊದಲ ನೋಟಕ್ಕೆ ಎದೆಗುಂದಿಸುತ್ತದೆ. ಎಲ್ಲವೂ ಅರ್ಥವಾಗಬೇಕಿಲ್ಲ. ಬಗೆ ಯಾವುದು, ಆಳ ಎಷ್ಟು, ಅಂಚು ಸ್ವಚ್ಛವೇ ಎಂಬುದನ್ನು ವೈದ್ಯರಿಂದ ಕನ್ನಡದಲ್ಲಿ ಹೇಳಿಸಿಕೊಂಡು ಒಂದು ಹಾಳೆಯಲ್ಲಿ ಬರೆದುಕೊಂಡರೆ ಸಾಕು.

ಆಳದ ಮಾತು ಮೆಲನೋಮದಲ್ಲಿ ಎಲ್ಲಕ್ಕಿಂತ ಮುಖ್ಯ. ಅದು ಎಷ್ಟು ಅಗಲವಿದೆ ಎನ್ನುವುದಕ್ಕಿಂತ ಎಷ್ಟು ಒಳಗಿಳಿದಿದೆ ಎನ್ನುವುದೇ ಮುಂದಿನ ದಾರಿಯನ್ನು ತೀರ್ಮಾನಿಸುತ್ತದೆ. 1970ರಲ್ಲಿ ಇದನ್ನು ತೋರಿಸಿಕೊಟ್ಟ ರೋಗಶಾಸ್ತ್ರಜ್ಞ ಅಲೆಕ್ಸಾಂಡರ್ ಬ್ರೆಸ್ಲೋ ಅವರ ಹೆಸರಿನಲ್ಲೇ ಆ ಅಳತೆ ಇಂದಿಗೂ ವರದಿಗಳಲ್ಲಿ ಬರುತ್ತದೆ. 1 ಮಿಲಿಮೀಟರಿನವರೆಗೆ ಇಳಿದದ್ದು ತೆಳುವಾದದ್ದು; 4 ಮಿಲಿಮೀಟರ್ ದಾಟಿದರೆ ಬಹಳ ದಪ್ಪ. ಸುಮಾರು 0.8 ಮಿಲಿಮೀಟರ್ ದಾಟಿದಾಗ, ಅಥವಾ ಮೇಲ್ಮೈ ಹುಣ್ಣಾಗಿ ಒಡೆದಿದ್ದಾಗ, ಕಾಯಿಲೆ ಮೊದಲು ತಲುಪಬಹುದಾದ ದುಗ್ಧಗ್ರಂಥಿಯನ್ನು ಹುಡುಕಿ ತೆಗೆದು ಪರೀಕ್ಷಿಸುವ ವಿಚಾರ ಬರುತ್ತದೆ. ಇದಕ್ಕೆ ಸೆಂಟಿನಲ್ ನೋಡ್ ಬಯಾಪ್ಸಿ ಎಂದು ಹೆಸರು. ನಿಮ್ಮ ವರದಿಯಲ್ಲಿ ಮೆಲನೋಮ ಎಂದಿದ್ದು ಈ ಅಳತೆ ಇಲ್ಲದಿದ್ದರೆ, ಅದನ್ನು ಸೇರಿಸಿ ಕೊಡಬಹುದೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಅಂಚಿನ ವಿಷಯ ಅಡುಗೆಮನೆಯಲ್ಲೇ ಅರ್ಥವಾಗುತ್ತದೆ. ಆಲೂಗಡ್ಡೆಯಲ್ಲಿ ಕೊಳೆತ ಭಾಗ ಕಂಡರೆ ನಾವು ಕಪ್ಪಾದದ್ದನ್ನು ಮಾತ್ರ ಕೆರೆಯುವುದಿಲ್ಲ. ಸುತ್ತಲಿನ ಒಳ್ಳೆಯ ತಿರುಳನ್ನೂ ಸ್ವಲ್ಪ ಸೇರಿಸಿ ಕೊಯ್ಯುತ್ತೇವೆ. ಶಸ್ತ್ರವೈದ್ಯರು ಮಾಡುವುದೂ ಅದನ್ನೇ. ಕಣ್ಣಿಗೆ ಕಾಣುವ ಅಂಚಿನಿಂದ ಆಚೆಗೆ, ಅಪಾಯ ಕಡಿಮೆಯಿರುವ ಬೇಸಲ್ ಸೆಲ್‌ನಲ್ಲಿ ಸುಮಾರು 4 ಮಿಲಿಮೀಟರ್, ಅಂಥದೇ ಸ್ಕ್ವೇಮಸ್ ಸೆಲ್‌ನಲ್ಲಿ 4ರಿಂದ 6 ಮಿಲಿಮೀಟರ್, ಒಳಗಿಳಿದ ಮೆಲನೋಮದಲ್ಲಿ ಆಳಕ್ಕೆ ತಕ್ಕಂತೆ 1ರಿಂದ 2 ಸೆಂಟಿಮೀಟರ್ ಆರೋಗ್ಯವಂತ ಚರ್ಮವನ್ನೂ ಸೇರಿಸಿ ತೆಗೆಯುವುದು ಸಾಮಾನ್ಯ ಪದ್ಧತಿ. ಸುಟ್ಟಕಲೆಯಲ್ಲಿ ಹುಟ್ಟಿದ್ದಕ್ಕೆ ಇನ್ನೂ ಅಗಲವಾಗಿ ತೆಗೆಯಬೇಕಾಗುತ್ತದೆ. ಮಾವನ ಹುಣ್ಣನ್ನು ಮೊದಲ ಸಲ ಅದರ ಅಂಚಿಗೇ ಕತ್ತರಿಸಿದ್ದರು. ಹೊಲದಲ್ಲಿ ಜೇಕು ಕಿತ್ತಾಗ ಗಡ್ಡೆ ಮಣ್ಣಿನಲ್ಲಿ ಉಳಿದರೆ ಏನಾಗುತ್ತದೋ ಇಲ್ಲೂ ಅದೇ ಆಯಿತು. ಎರಡನೆಯ ಸಲ ಅಗಲವಾಗಿ ತೆಗೆದು, ತೊಡೆಯ ಚರ್ಮವನ್ನು ಕಸಿ ಮಾಡಿ ಮುಚ್ಚಿದರು.

ತೆಗೆದ ಭಾಗದ ಸುತ್ತ ಲ್ಯಾಬಿನವರು ಶಾಯಿ ಬಳಿಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕೋಶಗಳು ಆ ಶಾಯಿಗೆ ತಾಗಿದ್ದರೆ ಅಂಚು ಸ್ವಚ್ಛವಿಲ್ಲ, ಅಂದರೆ ದೇಹದಲ್ಲಿ ಇನ್ನೂ ಉಳಿದಿರಬಹುದು ಎಂದರ್ಥ. ಅಂಥ ಸಂದರ್ಭದಲ್ಲಿ "ಮತ್ತೆ ತೆಗೆಯಬೇಕೇ, ರೇಡಿಯೇಷನ್ ಕೊಡಬೇಕೇ, ಸುಮ್ಮನೆ ನೋಡುವುದಾದರೆ ಯಾಕೆ?" ಎಂದು ಕೇಳಿ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಹೊಲಿಗೆ ಚೆನ್ನಾಗಿ ಕೂಡಿಕೊಂಡಿತು ಎಂಬುದು ಈ ಪ್ರಶ್ನೆಗೆ ಉತ್ತರವಲ್ಲ.

ಎರಡನೆಯ ಅಭಿಪ್ರಾಯ ಮತ್ತು ರೋಗಿಯ ಹಕ್ಕು

ಚರ್ಮದ ಕ್ಯಾನ್ಸರ್‌ಗೆ ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದಾಗ ಅಥವಾ ಗ್ರಂಥಿಗಳಿಗೆ ಹರಡಿದ್ದಾಗ ರೇಡಿಯೇಷನ್ ಬರುತ್ತದೆ. ಹರಡಿದ ಮೆಲನೋಮಕ್ಕೆ ದೇಹದ ರೋಗನಿರೋಧಕ ಕೋಶಗಳ ತಡೆಯನ್ನು ಬಿಡಿಸಿ ಕ್ಯಾನ್ಸರ್ ಮೇಲೆ ಬಿಡುವ ಇಮ್ಯುನೋಥೆರಪಿ ಔಷಧಿಗಳು ಈಗ ಇವೆ. ಈ ದಾರಿಯನ್ನು ಕಂಡುಕೊಂಡ ಇಬ್ಬರು ವಿಜ್ಞಾನಿಗಳಿಗೆ 2018ರಲ್ಲಿ ನೊಬೆಲ್ ಬಂತು. ಆದರೆ ಅವುಗಳ ಬೆಲೆ ಬಹಳ ದುಬಾರಿ, ಎಲ್ಲರಿಗೂ ಅವು ಕೆಲಸ ಮಾಡುವುದೂ ಇಲ್ಲ.

ಬೆರಳನ್ನೋ ಪಾದವನ್ನೋ ತೆಗೆಯಬೇಕೆಂದಾಗ, ಕಣ್ಣು ಮೂಗಿನ ಪಕ್ಕದಲ್ಲಿ ಶಸ್ತ್ರಚಿಕಿತ್ಸೆ ಎಂದಾಗ, ಅಥವಾ ವರದಿಯಲ್ಲಿ ಮೆಲನೋಮ ಎಂದು ಬಂದಾಗ, ಕ್ಯಾನ್ಸರ್ ನೋಡುವ ದೊಡ್ಡ ಆಸ್ಪತ್ರೆಯೊಂದರಲ್ಲಿ ಇನ್ನೊಮ್ಮೆ ಕೇಳುವುದು ವಿವೇಕದ ಕೆಲಸ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರಿನಿಂದ ಹೆಚ್ಚುಕಡಿಮೆ 70 ಕಿಲೋಮೀಟರಿನ ಒಳಗೇ ಇರುವುದರಿಂದ ಹೊಸೂರು ರಸ್ತೆಯ ಸರ್ಕಾರಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು. ಅಲ್ಲಿ ಶಸ್ತ್ರವೈದ್ಯರು, ರೇಡಿಯೇಷನ್ ವೈದ್ಯರು, ಔಷಧಿಯ ವೈದ್ಯರು ಒಂದೇ ಆವರಣದಲ್ಲಿ ಇರುತ್ತಾರೆ. ಎರಡನೆಯ ಅಭಿಪ್ರಾಯಕ್ಕೆ ಒಂದೆರಡು ವಾರ ಹಿಡಿದರೆ ತಪ್ಪಿಲ್ಲ. ಅದರ ನೆಪದಲ್ಲಿ ಮೂರ್ನಾಲ್ಕು ತಿಂಗಳು ನಾಟಿ ಔಷಧಿಯ ಕಡೆಗೆ ತಿರುಗಿದರೆ ಕಾಯಿಲೆ ಕಾಯುವುದಿಲ್ಲ.

ದಾಖಲೆ ಕೇಳಲು ಸಂಕೋಚಪಡಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆಯ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ವೈದ್ಯರು 3 ವರ್ಷ ಇಟ್ಟುಕೊಂಡಿರಬೇಕು, ಮತ್ತು ರೋಗಿಯೋ ಅವರು ಅಧಿಕಾರ ಕೊಟ್ಟವರೋ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಬಾಯಿಮಾತಿಗೆ ಕೊಡದಿದ್ದರೆ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡರೆ ಕೆಲಸ ಬೇಗ ಆಗುತ್ತದೆ. ಡಿಸ್ಚಾರ್ಜ್ ಸಮ್ಮರಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಬಯಾಪ್ಸಿ ವರದಿ, ಬ್ಲಾಕ್, ಸ್ಕ್ಯಾನ್‌ನ ಫಿಲ್ಮು ಇವಿಷ್ಟನ್ನು ಹೆಸರು ಹಿಡಿದು ಕೇಳಬೇಕು. "ಎಲ್ಲಾ ಪೇಪರ್ ಕೊಡಿ" ಎಂದರೆ ಸಾಮಾನ್ಯವಾಗಿ ಬಿಲ್ಲುಗಳಷ್ಟೇ ಸಿಗುತ್ತವೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಏನು ತೆಗೆಯುತ್ತಾರೆ, ಯಾಕೆ, ಬೇರೆ ದಾರಿ ಇದೆಯೇ, ಮಾಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ಅರ್ಥವಾಗುವ ಭಾಷೆಯಲ್ಲಿ ತಿಳಿಯುವುದೂ ರೋಗಿಯ ಹಕ್ಕು. ಇಲ್ಲಿ ಜೊತೆಗೆ ಹೋದವರ ಪಾತ್ರ ದೊಡ್ಡದು. ಓಪಿಡಿಯಲ್ಲಿ ಸಿಗುವುದು ಐದು ನಿಮಿಷ. ರೋಗಿಗೆ "ಕ್ಯಾನ್ಸರ್" ಎಂಬ ಮಾತಿನ ನಂತರ ಏನೂ ಕಿವಿಗೆ ಬೀಳುವುದಿಲ್ಲ. ಪ್ರಶ್ನೆಗಳನ್ನು ಮನೆಯಲ್ಲೇ ಬರೆದು ತಂದು, ಉತ್ತರಗಳನ್ನು ಅಲ್ಲೇ ಬರೆದುಕೊಳ್ಳುವವರು ಒಬ್ಬರಿರಬೇಕು. ಆದರೆ ರೋಗಿಯನ್ನು ಹೊರಗೆ ಕೂರಿಸಿ ಮನೆಯವರೇ ಎಲ್ಲ ತೀರ್ಮಾನಿಸುವ ನಮ್ಮ ರೂಢಿ ಅವರ ಪರವಾಗಿ ನಿಲ್ಲುವುದಲ್ಲ. ಕೈ ಅವರದು, ಸಹಿಯೂ ಅವರದು.

ಹಣದ ದಾರಿ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಆಧಾರ್ ಮತ್ತು ಪಡಿತರ ಚೀಟಿ ಬೇಕು. ತುರ್ತಲ್ಲದ ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪಡೆಯಬೇಕಾಗುತ್ತದೆ. ಇದನ್ನು ತಿಳಿಯದೆ ನೇರವಾಗಿ ಹೋಗಿ ಮುಂಗಡ ಕಟ್ಟಿದವರು ಬಹಳ ಮಂದಿ. ಕ್ಯಾನ್ಸರ್ ಚಿಕಿತ್ಸೆಗೆ ಮುಂಚಿತ ಅನುಮತಿ ಕೇಳುವಾಗಲೂ ಲಗತ್ತಿಸಬೇಕಾದ ಕಾಗದ ಬಯಾಪ್ಸಿ ವರದಿಯೇ. ಅನುಮಾನವಿದ್ದರೆ ಆಸ್ಪತ್ರೆಯಲ್ಲಿ ಕೂರುವ ಆರೋಗ್ಯ ಮಿತ್ರರನ್ನು ಕೇಳಬಹುದು, ಇಲ್ಲವೇ 104ಕ್ಕೆ ಕರೆ ಮಾಡಬಹುದು. ಹಾಲಿನ ಡೈರಿಯಂಥ ಸಹಕಾರ ಸಂಘದ ಸದಸ್ಯರಾಗಿದ್ದು ಯಶಸ್ವಿನಿ ಆರೋಗ್ಯ ಯೋಜನೆಗೆ ಹಣ ಕಟ್ಟಿದ್ದರೆ ಆ ಕಾರ್ಡನ್ನೂ ಜೊತೆಗಿಟ್ಟುಕೊಳ್ಳಿ. ಚಿಕಿತ್ಸೆಗಾಗಿ ಓಡಾಡುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಅದರ ನಮೂನೆಯನ್ನು ಚಿಕಿತ್ಸೆ ಕೊಡುವ ಆಸ್ಪತ್ರೆಯವರು ತುಂಬಿಕೊಡಬೇಕು.

ಹೊಲಿಗೆ ಬಿಚ್ಚಿದ ಮೇಲೆ

ಸ್ಕ್ವೇಮಸ್ ಬಗೆಯದು ಮರಳಿ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲೇ ಬರುತ್ತದೆ. ಆ ಅವಧಿಯಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ಗಾಯದ ಜಾಗವನ್ನೂ ಅದಕ್ಕೆ ಸೇರಿದ ಗ್ರಂಥಿಗಳನ್ನೂ ವೈದ್ಯರು ಮುಟ್ಟಿ ನೋಡಬೇಕು. ಗಾಯ ಕೈಯಲ್ಲಿದ್ದರೆ ಕಂಕುಳು, ಕಾಲಿನಲ್ಲಿದ್ದರೆ ತೊಡೆಸಂದಿ. ವೈದ್ಯರು ಅವಸರದಲ್ಲಿ ಕಲೆಯನ್ನು ಮಾತ್ರ ನೋಡಿ ಕಳುಹಿಸಿದರೆ "ಕಂಕುಳಲ್ಲಿ ಗಂಟೇನಾದರೂ ಇದೆಯಾ, ಒಂದು ಸಲ ನೋಡಿ ಡಾಕ್ಟ್ರೇ" ಎಂದು ನೆನಪಿಸಬಹುದು. ಮನೆಯಲ್ಲಿ ತಿಂಗಳಿಗೊಮ್ಮೆ ಒಳ್ಳೆಯ ಬೆಳಕಿನಲ್ಲಿ ಪಕ್ಕದಲ್ಲೊಂದು ನಾಣ್ಯವಿಟ್ಟು ಫೋಟೋ ತೆಗೆದುಕೊಂಡರೆ, ಬೆಳೆದಿದೆಯೋ ಇಲ್ಲವೋ ಎಂಬ ವಾದಕ್ಕೆ ಅವಕಾಶವಿರುವುದಿಲ್ಲ.

ಮಾವ ಈಗ ತಮ್ಮ ಕಾಗದಗಳನ್ನು, ಮೊದಲು ಗೂಡಿನ ಮಾರುಕಟ್ಟೆಯ ಹರಾಜು ಚೀಟಿಗಳನ್ನು ಇಡುತ್ತಿದ್ದ ಪ್ಲಾಸ್ಟಿಕ್ ಚೀಲದಲ್ಲಿ, ದಿನಾಂಕದ ಪ್ರಕಾರ ಜೋಡಿಸಿ ಇಟ್ಟುಕೊಂಡಿದ್ದಾರೆ. ಎಲ್ಲಕ್ಕಿಂತ ಮೇಲೆ ಇರುವುದು ಎರಡನೆಯ ಶಸ್ತ್ರಚಿಕಿತ್ಸೆಯ ಬಯಾಪ್ಸಿ ವರದಿ. ಅದರಲ್ಲಿ ಅಂಚು ಸ್ವಚ್ಛವಾಗಿದೆ ಎಂದಿರುವ ಸಾಲಿನ ಕೆಳಗೆ ಅವರೇ ಪೆನ್ನಿನಿಂದ ಗೆರೆ ಎಳೆದಿದ್ದಾರೆ.